ಗೇಜಿನಲ್ಲಿ ಮೂರು ಕೇಜಿ, ಪಿನ್ನಿನ ಮೇಲೆ ಎಷ್ಟು? ಹಿರೇಹಳ್ಳಿಯ ಒಂದು ಕ್ವೆಂಚಿಂಗ್ ಪ್ರಕರಣ

ತುಮಕೂರಿನಿಂದ ಬೆಂಗಳೂರಿನ ಕಡೆ ಹೊರಟರೆ ಹೆದ್ದಾರಿಯಲ್ಲೇ ಹಿರೇಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿನ ಒಂದು ಸಣ್ಣ ಶೆಡ್ಡಿನಲ್ಲಿ ಟ್ರ್ಯಾಕ್ಟರಿಗೂ ಟ್ರೈಲರಿಗೂ ಕೊಂಡಿ ಹಾಕುವ ದಪ್ಪ ಪಿನ್ನುಗಳನ್ನು ಮಾಡುತ್ತಾರೆ. ಫೆಬ್ರವರಿಯಲ್ಲಿ ಅಲ್ಲಿಯ ಮಾಲೀಕರು ಫೋನ್ ಮಾಡಿದರು. "ಸಾರ್, ಕಳಿಸಿದ ಮಾಲು ವಾಪಸ್ ಬಂದೈತೆ. ಕೆಲವು ಪಿನ್ ಮೆತ್ತಗೆ ಅಂತಾರೆ, ಕೆಲವು ಸೀಳು ಬಿಟ್ಟವೆ ಅಂತಾರೆ. ಒಂದೇ ಲಾಟಿನಲ್ಲಿ ಎರಡೂ ಹೆಂಗೆ ಸಾರ್?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಪಿನ್ನು ಮೆತ್ತಗಿದ್ದರೆ ನೀರು ಸಾಲಲಿಲ್ಲ ಅನ್ನುತ್ತೇವೆ. ಸೀಳು ಬಿಟ್ಟರೆ ನೀರು ಜಾಸ್ತಿಯಾಯಿತು ಅನ್ನುತ್ತೇವೆ. ಎರಡೂ ಒಟ್ಟಿಗೆ ಬಂದರೆ ಯಾವ ಕಡೆ ತಿದ್ದುವುದು?

ಪಿನ್ನಿನ ವಿವರ ಹೇಳಿಬಿಡುತ್ತೇನೆ. ಇಎನ್ 8 ಉಕ್ಕು, ಅಂದರೆ ಸುಮಾರು 0.4 ಶೇಕಡಾ ಇಂಗಾಲ ಇರುವ ಸಾದಾ ಕಾರ್ಬನ್ ಸ್ಟೀಲ್. 45 ಮಿಲಿಮೀಟರ್ ದಪ್ಪ, 220 ಮಿಲಿಮೀಟರ್ ಉದ್ದ, ತೂಕ ಎರಡೂ ಮುಕ್ಕಾಲು ಕೇಜಿ. ಒಂದು ತುದಿಯ ಹತ್ತಿರ ಸ್ಪ್ಲಿಟ್ ಪಿನ್ ಹಾಕಲು ಅಡ್ಡ ತೂತು. ಫರ್ನೇಸಿನಲ್ಲಿ 850 ಡಿಗ್ರಿಗೆ ಕಾಯಿಸುತ್ತಾರೆ, ನೀರಿನ ಸ್ಪ್ರೇಯಲ್ಲಿ ಸರ್ರನೆ ತಣಿಸುತ್ತಾರೆ (ಇದೇ ಕ್ವೆಂಚಿಂಗ್), ಆಮೇಲೆ 425 ಡಿಗ್ರಿಯಲ್ಲಿ ಟೆಂಪರ್ ಮಾಡುತ್ತಾರೆ, ಅಂದರೆ ಒಳಗಿನ ಬಿಗಿ ಸಡಿಲಾಗಲು ಮತ್ತೆ ಕಾಯಿಸುತ್ತಾರೆ. ಡ್ರಾಯಿಂಗ್ ಕೇಳುವುದು 34ರಿಂದ 40 ಎಚ್‌ಆರ್‌ಸಿ ಗಡಸುತನ. ಎಚ್‌ಆರ್‌ಸಿ ಅಂದರೆ ಚೂಪು ಮೊನೆ ಒತ್ತಿ ಗಡಸುತನ ಅಳೆಯುವ ರಾಕ್‌ವೆಲ್ ಅಳತೆ, ಅಂಕಿ ಜಾಸ್ತಿಯಾದಷ್ಟೂ ಗಡಸು. ವಾಪಸ್ ಬಂದ ಪಿನ್ನುಗಳಲ್ಲಿ ಕೆಲವು ಕಡೆ 24, 25 ಬರುತ್ತಿತ್ತು. ಅದೇ ಪಿನ್ನನ್ನು ಸ್ವಲ್ಪ ತಿರುಗಿಸಿ ಒತ್ತಿದರೆ 38.

ತಣಿಸುವ ಪೆಟ್ಟಿಗೆ ಅವರೇ ಮಾಡಿಸಿದ್ದು. ನಾಲ್ಕು ಮೂಲೆಗೆ ನಾಲ್ಕು ನಿಂತ ಪೈಪು. ಒಂದೊಂದು ಪೈಪಿಗೆ ಆರು ನಾಜಲ್, ಒಟ್ಟು 24. ನಡುವೆ ಸಣ್ಣ ಪೀಠ, ಅದರ ಮೇಲೆ ಪಿನ್ನು ನಿಲ್ಲಬೇಕು. ಕೆಳಗಿನ 2000 ಲೀಟರ್ ಸಂಪಿನಿಂದ ಪಂಪು ನೀರೆತ್ತುತ್ತದೆ, ಬಿದ್ದ ನೀರು ಮತ್ತೆ ಸಂಪಿಗೇ ಹೋಗುತ್ತದೆ. ಪಂಪಿನ ಪಕ್ಕದಲ್ಲೇ ನೀರಿನ ಒತ್ತಡ ತೋರಿಸುವ ಪ್ರೆಶರ್ ಗೇಜ್. ಅದರಲ್ಲಿ ಮೂರು ಕೇಜಿ ಅಂದರೆ ಒಂದೊಂದು ಚದರ ಸೆಂಟಿಮೀಟರಿಗೆ ಮೂರು ಕೇಜಿ ಒತ್ತಡ.

ಮೊದಲ ವಾರ ದಾರಿ ತಪ್ಪಿದ್ದು

ನಾನು ಮೊದಲು ಅನುಮಾನಪಟ್ಟಿದ್ದು ಉಕ್ಕಿನ ಮೇಲೆ. ಬೇರೆ ಬೇರೆ ಕಡೆಯಿಂದ ಬಂದ ಕಂಬಿ ಬೆರೆತಿರಬಹುದು ಅನ್ನಿಸಿತು. ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿದೆವು. ವರದಿ ಬರಲು ಆರು ದಿನ ಹಿಡಿಯಿತು. ಇಂಗಾಲ, ಮ್ಯಾಂಗನೀಸ್ ಎಲ್ಲ ಇರಬೇಕಾದಷ್ಟೇ ಇತ್ತು. ಈಗ ಯೋಚಿಸಿದರೆ ಆ ಆರು ದಿನ ಕಾಯಬೇಕಾಗಿರಲಿಲ್ಲ. ಒಂದೇ ಪಿನ್ನಿನಲ್ಲಿ ಒಂದು ಕಡೆ 38, ಇನ್ನೊಂದು ಕಡೆ 25 ಇದ್ದರೆ ಅದು ಕಂಬಿಯ ತಪ್ಪು ಹೇಗಾಗುತ್ತದೆ? ಅಷ್ಟು ನೋಡಿಯೂ ನಾನು ನಿಲ್ಲಲಿಲ್ಲ.

ಆಮೇಲೆ ಫರ್ನೇಸು. ಬಿಸಿ ಅಳೆಯುವ ಇನ್ನೊಂದು ಥರ್ಮೋಕಪಲ್ ಇಳಿಸಿ ನೋಡಿದೆವು, ಐದಾರು ಡಿಗ್ರಿ ಆಚೀಚೆ ಅಷ್ಟೇ. ಬಾಗಿಲಿನಿಂದ ಸ್ಪ್ರೇ ಪೆಟ್ಟಿಗೆಗೆ ತರಲು ಏಳೆಂಟು ಸೆಕೆಂಡ್. ಅದೂ ಪರವಾಗಿಲ್ಲ. ಮೇಲ್ಮೈಯ ಇಂಗಾಲ ಸುಟ್ಟುಹೋಗಿರಬಹುದೇ ಅಂತ ಮೆತ್ತಗಿದ್ದ ಜಾಗವನ್ನು ಅರ್ಧ ಮಿಲಿಮೀಟರ್ ಉಜ್ಜಿ ಒಳಗೆ ನೋಡಿದೆವು. ಒಳಗೂ 25. ಹಾಗಾಗಿ ಅದೂ ಅಲ್ಲ.

ಉಳಿದದ್ದು ನೀರು. ಆದರೆ ನೀರಿನ ಮಾತೆತ್ತಿದರೆ ಸಾಕು, ಎಲ್ಲರೂ ಗೇಜ್ ಕಡೆ ಕೈ ತೋರಿಸುತ್ತಿದ್ದರು. ಫರ್ನೇಸ್ ನೋಡಿಕೊಳ್ಳುವ ಹಿರಿಯರನ್ನು ಶೆಡ್ಡಿನಲ್ಲಿ ಎಲ್ಲರೂ ಅಣ್ಣ ಅಂತಲೇ ಕರೆಯುತ್ತಾರೆ. ಅವರು ಹೇಳಿದರು: "ಮೂರು ಕೇಜಿ ಇರಬೇಕಿತ್ತು. ಕಂಪ್ಲೇಂಟ್ ಬಂದ ಮೇಲೆ ನಾನೇ ಐದಕ್ಕೆ ಏರಿಸಿವ್ನಿ. ನೀರು ಕಮ್ಮಿ ಅನ್ನೋ ಹಂಗೇ ಇಲ್ಲ."

ಗಡಸುತನ ಒತ್ತಿ ನೋಡುವ ಕೆಲಸ ಒಬ್ಬ ಹೆಣ್ಣುಮಗಳದ್ದು. ಐಟಿಐ ಮುಗಿಸಿ ಎರಡು ವರ್ಷದಿಂದ ಅಲ್ಲಿದ್ದಾಳೆ. ಕಂಪನಿಯ ಫಾರಂನಲ್ಲಿ ಓಕೆ, ನಾಟ್ ಓಕೆ ಎಂಬ ಎರಡೇ ಕಾಲಂ. ಆದರೆ ತನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಅವಳು ಒಂದು ವಿಷಯ ಜಾಸ್ತಿ ಬರೆದುಕೊಂಡಿದ್ದಳು: ಪಿನ್ನಿನ ಯಾವ ಎತ್ತರದಲ್ಲಿ ಮೆತ್ತಗಿದೆ ಅಂತ. ಮೂರು ವಾರದ ಪುಟಗಳನ್ನು ನನ್ನ ಮುಂದಿಟ್ಟಳು. ಹೆಚ್ಚುಕಮ್ಮಿ ಎಲ್ಲವೂ ಬುಡದಿಂದ 60ರಿಂದ 115 ಮಿಲಿಮೀಟರ್ ನಡುವೆ. "ಸಾರ್, ಇದು ಯಾವಾಗ್ಲೂ ಇಲ್ಲೇ ಬರುತ್ತೆ, ಆದ್ರೆ ಯಾರೂ ಕೇಳ್ಲಿಲ್ಲ" ಅಂದಳು. ಈ ಪ್ರಕರಣ ಬಿಡಿಸಿದ್ದು ನಿಜಕ್ಕೂ ಆ ನೋಟ್‌ಬುಕ್ಕು.

ಎತ್ತರ ಒಂದೇ, ಆದರೆ ದಿಕ್ಕು? ಪಿನ್ನು ಗುಂಡಗಿರುವುದರಿಂದ ಯಾವ ಕಡೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹತ್ತು ಪಿನ್ನುಗಳ ತಲೆಯ ಅಂಚಿಗೆ ಪಂಚ್ ಹೊಡೆದೆವು. ಪಂಚ್ ಗುರುತು ಬೆಂಗಳೂರು ಕಡೆಗೆ ಬರುವಂತೆ ಪಿನ್ನು ನಿಲ್ಲಿಸಬೇಕು ಅಂತ ಅಣ್ಣನಿಗೆ ಹೇಳಿದೆ. ತಣಿದ ಮೇಲೆ ಸುತ್ತಲೂ ಒತ್ತಿ ನೋಡಿದರೆ ಹತ್ತರಲ್ಲಿ ಒಂಬತ್ತು ಪಿನ್ನು ಗುರುತಿನ ಎದುರು ಬದಿಗೆ, ಅಂದರೆ ತುಮಕೂರು ಕಡೆಗೆ, ಮೆತ್ತಗಿದ್ದವು.

ಕೆಂಪು ಉಳಿದ ಜಾಗ

ಇಲ್ಲಿ ಸ್ವಲ್ಪ ನಿಂತು ನೀರು ಉಕ್ಕನ್ನು ತಣಿಸುವ ಬಗೆ ಹೇಳಬೇಕು. ದೋಸೆ ಹಂಚು ಹದವಾಗಿ ಕಾದಾಗ ನೀರು ಚಿಮುಕಿಸಿದರೆ ಚುಯ್ ಅಂತ ಹರಡಿ ಆರಿಹೋಗುತ್ತದೆ. ವಿಪರೀತ ಕಾದಿದ್ದರೆ ಅದೇ ನೀರು ಮುತ್ತಿನ ಹಾಗೆ ಉರುಳಾಡುತ್ತದೆ, ಬೇಗ ಆರುವುದೂ ಇಲ್ಲ. ಹನಿಯ ಕೆಳಗೆ ಆವಿಯ ಪೊರೆ ಹುಟ್ಟಿ ಅದನ್ನು ಹಂಚಿಗೆ ತಾಕಲು ಬಿಡುವುದಿಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದ. ನಮ್ಮ ಅಡುಗೆಮನೆಗಳಿಗೆ ಅದಕ್ಕೂ ಮೊದಲೇ ಗೊತ್ತಿತ್ತು ಅನ್ನಿ.

850 ಡಿಗ್ರಿಯ ಪಿನ್ನಿಗೂ ಅದೇ ಪೊರೆ ಕವಿಯುತ್ತದೆ. ಪೊರೆ ಇರುವಷ್ಟು ಹೊತ್ತು ತಣಿಯುವುದು ನಿಧಾನ. ಅದು ಹರಿದ ಕೂಡಲೇ ನೀರು ಉಕ್ಕಿಗೆ ತಾಕಿ ಕೊತಕೊತ ಕುದಿಯುತ್ತದೆ. ಬಿಸಿ ಜೋರಾಗಿ ಹೊರಬರುವುದು ಆಗಲೇ. ಕುದಿತ ನಿಂತ ಮೇಲೆ ಉಳಿದ ಬಿಸಿ ಮೆಲ್ಲಗೆ ಹೋಗುತ್ತದೆ. ಕುಲುಮೆಯಲ್ಲಿ ಕುಡುಗೋಲಿಗೆ ಹದ ಹಾಕುವವರು ಅದನ್ನು ನೀರಿನಲ್ಲಿ ಅದ್ದಿ ಸುಮ್ನೆ ಬಿಡುವುದಿಲ್ಲ, ಆಡಿಸುತ್ತಾರೆ. ಪೊರೆ ಹರಿಯಲಿ ಅಂತ. ಸ್ಪ್ರೇ ಮಾಡುವುದೂ ಅದೇ ಕೆಲಸ. ನೀರಿನ ಹನಿಗಳು ಹೊಡೆತದಿಂದಲೇ ಪೊರೆಯನ್ನು ತೂತು ಮಾಡುತ್ತವೆ. ಹೊಡೆತ ಕಮ್ಮಿಯಾದ ಕಡೆ ಪೊರೆ ಉಳಿಯುತ್ತದೆ.

ಇಎನ್ 8ರಂಥ ಸಾದಾ ಉಕ್ಕಿಗೆ ತಾಳ್ಮೆ ಕಡಿಮೆ. ಸುಮಾರು 700ರಿಂದ 500 ಡಿಗ್ರಿಯ ನಡುವಿನ ದಾರಿಯನ್ನು ಅದು ಸರಸರ ದಾಟಬೇಕು. ಅಲ್ಲಿ ಒಂದೆರಡು ಸೆಕೆಂಡ್ ತಡವಾದರೂ ಮೆತ್ತಗಿನ ಪರ್ಲೈಟ್ ಹುಟ್ಟಿಬಿಡುತ್ತದೆ. ಆಮೇಲೆ ಎಷ್ಟು ನೀರು ಸುರಿದರೂ ಗಡಸು ಮಾರ್ಟೆನ್ಸೈಟ್ ಆಗುವುದಿಲ್ಲ. ಪಿನ್ನಿನ ಹಣೆಬರಹ ಮೊದಲ ಮೂರ್ನಾಲ್ಕು ಸೆಕೆಂಡಿನಲ್ಲೇ ಬರೆದು ಮುಗಿದಿರುತ್ತದೆ.

ಆ ಮೂರ್ನಾಲ್ಕು ಸೆಕೆಂಡನ್ನು ಕಣ್ಣಲ್ಲಿ ನೋಡಬೇಕಿತ್ತು. ಪೆಟ್ಟಿಗೆಯ ಬಾಗಿಲಿಗೆ ಗಾಜಿನ ಕಿಂಡಿ ಇತ್ತು. ಕಲೆ ಕಟ್ಟಿ ಮಸುಕಾಗಿತ್ತು, ಉಜ್ಜಿಸಿದೆವು. ಒಬ್ಬ ಹುಡುಗ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ಹಿಡಿದ. ನೀರು ಬಿಟ್ಟ ಕೂಡಲೇ ಪಿನ್ನು ಮೇಲಿನಿಂದ ಕಪ್ಪಾಗುತ್ತಾ ಬಂತು, ಬುಡವೂ ಕಪ್ಪಾಯಿತು. ತುಮಕೂರು ಕಡೆ, ನಡುವಿಗಿಂತ ಸ್ವಲ್ಪ ಕೆಳಗೆ, ಅಂಗೈಯಗಲ ಜಾಗ ಮಾತ್ರ ಕೆಂಡದ ಹಾಗೆ ಹೊಳೆಯುತ್ತಲೇ ಇತ್ತು. ಎಣಿಸಿದರೆ ಪೂರ್ತಿ ನಾಲ್ಕು ಸೆಕೆಂಡ್. ಅಣ್ಣ ಆ ವಿಡಿಯೋವನ್ನು ಮೂರು ಸಲ ನೋಡಿದರು. ಒಂದು ಮಾತೂ ಆಡಲಿಲ್ಲ, ಹೋಗಿ ಸ್ಪ್ಯಾನರ್ ತಂದರು.

ನಾಜಲ್ ಬಿಚ್ಚುವ ಮುಂಚೆ ಅಳೆಯೋಣ ಅಂತ ನಾನು ತಡೆದೆ. ಬಿಚ್ಚಿಬಿಟ್ಟರೆ ಮೊದಲು ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ. ಒಂದೊಂದು ನಾಜಲ್‌ಗೆ ತುಂಡು ಟ್ಯೂಬ್ ಸಿಕ್ಕಿಸಿ ಹೊರಗೆ ಐದು ಲೀಟರಿನ ನೀರಿನ ಕ್ಯಾನುಗಳನ್ನು ಇಟ್ಟೆವು. ಗೇಜನ್ನು ಮೂರು ಕೇಜಿಗೆ ತಂದು ಸರಿಯಾಗಿ 30 ಸೆಕೆಂಡ್ ನೀರು ಬಿಟ್ಟೆವು. ಒಳ್ಳೆಯ ನಾಜಲ್ 3 ಲೀಟರ್ ಕೊಟ್ಟಿತು. ತುಮಕೂರು ಕಡೆಯ ಪೈಪಿನಲ್ಲಿ ಕೆಳಗಿನಿಂದ ಎರಡನೆಯದು 1.1 ಲೀಟರ್, ಮೂರನೆಯದು ಬರೀ 0.8. ಟ್ಯೂಬ್ ತೆಗೆದು ನೋಡಿದರೆ ಛತ್ರಿಯ ಹಾಗೆ ಅರಳಬೇಕಿದ್ದ ನೀರು ದಾರದ ಹಾಗೆ ಸೊಟ್ಟಗೆ ಹೋಗುತ್ತಿತ್ತು. ಅಷ್ಟಾದರೂ ಗೇಜಿನ ಮುಳ್ಳು ಮೂರರಲ್ಲೇ ನಿಂತಿತ್ತು.

ಗೇಜ್ ಸುಳ್ಳು ಹೇಳಲಿಲ್ಲ. ನಾವು ಅದನ್ನು ಕೇಳಿದ ಪ್ರಶ್ನೆ ತಪ್ಪು. ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಪೈಪಿನ ಒಳಗೆ ಒತ್ತಡ ಏರುತ್ತದೆ, ಬಕೆಟ್ ತುಂಬುವುದು ಮಾತ್ರ ತಡವಾಗುತ್ತದೆ. ನಾಜಲ್ ಕಟ್ಟಿಕೊಂಡಾಗ ಪಂಪಿನ ಪಕ್ಕದ ಗೇಜಿಗೆ ಆಗುವುದೂ ಇದೇ. ಮುಳ್ಳು ಇದ್ದಲ್ಲೇ ಇರುತ್ತದೆ ಅಥವಾ ಇನ್ನೂ ಮೇಲಕ್ಕೆ ಹೋಗುತ್ತದೆ, ನೋಡಿದವರಿಗೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಪಿನ್ನಿಗೆ ಬೇಕಾದದ್ದು ಲೀಟರ್, ಗೇಜ್ ತೋರಿಸುವುದು ಒತ್ತಡ. ಹೊಸ ಸ್ಪ್ರೇ ಪೆಟ್ಟಿಗೆ ಮಾಡಿಸುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ದುಡ್ಡು ಒಂದಕ್ಕೇ ಸಾಲುತ್ತದೆ ಅನ್ನುವುದಾದರೆ ಎರಡನೇ ಗೇಜ್ ಬೇಡ, ಎಷ್ಟು ಲೀಟರ್ ಹೋಗುತ್ತಿದೆ ಅಂತ ತೋರಿಸುವ ಫ್ಲೋ ಮೀಟರ್ ಹಾಕಿಸಿ.

ಸೀಳು ಬಂದದ್ದು ಎಲ್ಲಿಂದ

ಒಗಟಿನ ಇನ್ನೊಂದು ಅರ್ಧವೂ ಇಲ್ಲಿಯೇ ಸಿಕ್ಕಿತು. ಮೆತ್ತಗೆ ಅಂತ ದೂರು ಬಂದಾಗ ಅಣ್ಣ ಒತ್ತಡವನ್ನು ಮೂರರಿಂದ ಐದಕ್ಕೆ ಏರಿಸಿದ್ದರು. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ನಾಜಲ್‌ನಿಂದ ಬರುವ ನೀರು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ನೀರು ಎರಡರಷ್ಟು ಬೇಕಾದರೆ ಒತ್ತಡ ನಾಲ್ಕರಷ್ಟು ಬೇಕು. ಮೂರರಿಂದ ಐದಕ್ಕೆ ಹೋದರೆ ಸಿಗುವುದು ಶೇಕಡಾ 29 ಮಾತ್ರ. ಒಳ್ಳೆಯ ನಾಜಲ್ 3 ಲೀಟರಿನಿಂದ ಹೆಚ್ಚುಕಮ್ಮಿ 3.9ಕ್ಕೆ ಹೋಯಿತು. ಕಟ್ಟಿದ ನಾಜಲ್ 0.8ರಿಂದ 1ಕ್ಕೆ. ಅಂತರ 2.2 ಇದ್ದದ್ದು 2.9 ಆಯಿತು. ಬಡವನಿಗೆ ಬೇಕಿದ್ದ ನೀರು ಉಳ್ಳವನಿಗೆ ಹೋಯಿತು.

ಉಕ್ಕು ಮಾರ್ಟೆನ್ಸೈಟ್ ಆಗುವಾಗ ಸ್ವಲ್ಪ ಹಿಗ್ಗುತ್ತದೆ. ಇಎನ್ 8ರಲ್ಲಿ ಅದು ಸುಮಾರು 350 ಡಿಗ್ರಿಗಿಂತ ಕೆಳಗೆ ಶುರುವಾಗುತ್ತದೆ. ಬೆಂಗಳೂರು ಕಡೆ ಆಗಲೇ ಹಿಗ್ಗಿ ಗಟ್ಟಿಯಾಗಿರುತ್ತದೆ, ತುಮಕೂರು ಕಡೆ ಇನ್ನೂ ಕೆಂಪಗಿರುತ್ತದೆ. ಒಂದೇ ಪಿನ್ನಿನೊಳಗೆ ಹಗ್ಗಜಗ್ಗಾಟ. ಆ ಎಳೆತಕ್ಕೆ ಮೂಲೆ ಬೇಕು, ಅಡ್ಡ ತೂತಿನ ಚೂಪು ಅಂಚು ಸಿಕ್ಕಿತು. ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ ನೋಡಿದಾಗ ಹೆಚ್ಚಿನ ಸೀಳುಗಳು ಅಲ್ಲಿಂದಲೇ ಹೊರಟಿದ್ದವು.

ಇನ್ನೊಂದು ಸಂಗತಿಯೂ ಸೇರಿಕೊಂಡಿತ್ತು. 40 ಸೆಕೆಂಡ್ ಇದ್ದ ಸ್ಪ್ರೇ ಸಮಯವನ್ನು 90ಕ್ಕೆ ಏರಿಸಿದ್ದರು. ಪಿನ್ನು ಪೂರ್ತಿ ತಣ್ಣಗಾಗಿ ಹೊರಬರುತ್ತಿತ್ತು. ಟೆಂಪರಿಂಗ್ ಫರ್ನೇಸ್ ಒಂದೇ ಇರುವುದರಿಂದ ಮಧ್ಯಾಹ್ನದ ಪಿನ್ನುಗಳು ಮಾರನೆಯ ಬೆಳಗಿನವರೆಗೂ ಹಾಗೇ ಬಿದ್ದಿರುತ್ತಿದ್ದವು. ಕ್ವೆಂಚ್ ಆದ ಉಕ್ಕು ಒಳಗೊಳಗೇ ಬಿಗಿದುಕೊಂಡಿರುತ್ತದೆ. ರಾತ್ರಿ ಶೆಡ್ಡಿನಲ್ಲಿ ಟಿಣ್ ಅಂತ ಶಬ್ದ ಬರುತ್ತೆ ಅಂತ ಕಾವಲುಗಾರರು ಹೇಳುತ್ತಿದ್ದರಂತೆ. ಯಾರೂ ಗಮನ ಕೊಟ್ಟಿರಲಿಲ್ಲ.

ಹೋಲಿಸಿ ನೋಡಲು ನಮ್ಮ ಮನೆ ಕಟ್ಟುವ ಟಿಎಂಟಿ ಕಂಬಿ ಇದೆ. ಅದನ್ನೂ ನೀರಿನಿಂದಲೇ ತಣಿಸುತ್ತಾರೆ. ಆದರೆ ಹೊರಗಿನ ಪದರ ಗಟ್ಟಿಯಾಗುವಷ್ಟು ಹೊತ್ತು ಮಾತ್ರ ನೀರು. ಒಳಗೆ ಉಳಿದ ಬಿಸಿ ಹೊರಗೆ ಬಂದು ಆ ಪದರವನ್ನು ತಾನೇ ಟೆಂಪರ್ ಮಾಡುತ್ತದೆ. ನೀರು ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಅಲ್ಲಿನ ಜಾಣತನ. ನಮ್ಮ ಪಿನ್ನಿಗೆ ಅಷ್ಟು ಬೇಗ ನಿಲ್ಲಿಸಲು ಆಗುವುದಿಲ್ಲ. ಆದರೂ ಕೈಗೆ ಚುರುಕ್ ಅನ್ನುವಷ್ಟು ಬಿಸಿ ಇರುವಾಗಲೇ ತೆಗೆದು, ಒಂದು ಗಂಟೆಯೊಳಗೆ ಟೆಂಪರಿಂಗ್‌ಗೆ ಹಾಕಬೇಕು.

ಕಟ್ಟಿದ್ದೇನು

ನಾಜಲ್ ಬಿಚ್ಚಿದಾಗ ಬಾಯಿಯಲ್ಲಿ ಬಿಳಿ ಸುಣ್ಣ, ಹಿಂದೆ ಕಪ್ಪು ಹೊಪ್ಪಳೆ. ಕಪ್ಪಗಿರುವುದು ಪಿನ್ನಿನಿಂದ ಉದುರಿದ ಸ್ಕೇಲ್, ಅಂದರೆ ಕಾದ ಉಕ್ಕಿನ ಮೇಲೆ ಕಟ್ಟುವ ಆಕ್ಸೈಡ್ ಪದರ. ಸಂಪಿನಲ್ಲಿ ಪಂಪಿನ ಬಾಯಿಗೆ ಜರಡಿ ಇತ್ತು, ಪದೇ ಪದೇ ಕಟ್ಟುತ್ತೆ ಅಂತ ಯಾರೋ ತೆಗೆದಿಟ್ಟಿದ್ದರು. ತುಮಕೂರು ಕಡೆಯ ಪೈಪು ಲೈನಿನ ಕೊನೆಯದು, ಕೆಳಗೆ ಮುಚ್ಚಿದ ತುದಿ. ಕಸ ಬಂದು ನಿಲ್ಲುವುದು ಅಲ್ಲೇ ತಾನೇ.

ಬಿಳಿಯದು ಬೋರ್‌ವೆಲ್ ನೀರಿನದು. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಸಿಗುತ್ತದೆ. ಈ ಶೆಡ್ಡಿಗೆ ಇರುವುದು ಬೋರೇ, ಅದೂ ಗಡಸು ನೀರು. ಬಚ್ಚಲಮನೆಯ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ಈ ಕಡೆ ಎಲ್ಲರೂ ನೋಡಿದ್ದೇವೆ. ಇಲ್ಲಿ ಅದೇ ಕೆಲಸ ಇನ್ನೂ ಜೋರಾಗಿ ನಡೆಯುತ್ತದೆ. ಬಿಸಿ ಪಿನ್ನಿನ ಮೇಲೆ ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಹಿಂದೆ ಉಳಿಯುತ್ತದೆ. ಕಮ್ಮಿಯಾದ ನೀರಿಗೆ ಮತ್ತೆ ಬೋರಿನ ನೀರನ್ನೇ ತುಂಬುತ್ತಾರೆ. ಹೀಗೆ ವರ್ಷದಿಂದ ಸಂಪನ್ನು ಒಮ್ಮೆಯೂ ಖಾಲಿ ಮಾಡಿರಲಿಲ್ಲ.

ನೀರಿನ ಬಿಸಿಯ ಲೆಕ್ಕವೂ ಮಾಡಿದೆವು. ಒಂದು ಪಿನ್ನು 850ರಿಂದ 50 ಡಿಗ್ರಿಗೆ ಇಳಿಯುವಾಗ ಸುಮಾರು 1430 ಕಿಲೋಜೂಲ್ ಬಿಡುತ್ತದೆ. ಇದು 34 ಲೀಟರ್ ನೀರನ್ನು 10 ಡಿಗ್ರಿ ಏರಿಸಲು ಸಾಕು. ಗಂಟೆಗೆ 30 ಪಿನ್ನು ಅಂದರೆ 2000 ಲೀಟರ್ ಸಂಪು ಗಂಟೆಗೆ 5 ಡಿಗ್ರಿ ಬಿಸಿಯಾಗುತ್ತದೆ. ಬೆಳಗ್ಗೆ 25 ಇದ್ದದ್ದು ಮಧ್ಯಾಹ್ನ ಮೂರಕ್ಕೆ 47 ತೋರಿಸಿತು. ನೀರು ಬಿಸಿಯಾದಷ್ಟೂ ಆವಿಯ ಪೊರೆ ಜಾಸ್ತಿ ಹೊತ್ತು ನಿಲ್ಲುತ್ತದೆ. ಮೆತ್ತಗಿನ ಪಿನ್ನುಗಳು ಊಟದ ನಂತರವೇ ಜಾಸ್ತಿ ಯಾಕೆ ಅಂತ ಆಗ ಗೊತ್ತಾಯಿತು. ಅದೂ ಅವಳ ನೋಟ್‌ಬುಕ್ಕಿನಲ್ಲಿ ಇತ್ತು.

ಇಷ್ಟೆಲ್ಲ ಇದ್ದರೂ ಒಂದು ಕಟ್ಟಿದ ನಾಜಲ್ ಇಷ್ಟು ಅನಾಹುತ ಮಾಡುತ್ತಿರಲಿಲ್ಲ, ಪೀಠ ತಿರುಗುತ್ತಿದ್ದರೆ. ಪಿನ್ನು ತಿರುಗುತ್ತಾ ಇದ್ದರೆ ಒಂದು ಪೈಪಿನ ಕೊರತೆಯನ್ನು ಉಳಿದ ಮೂರು ಪೈಪು ತುಂಬಿಕೊಡುತ್ತವೆ. ಪೀಠದ ಮೋಟರಿಗೆ ನೀರು ಹೋಗಿ ದೀಪಾವಳಿ ಹೊತ್ತಿಗೆ ಕೆಟ್ಟಿತ್ತಂತೆ. ನಾಲ್ಕೂ ಕಡೆಯಿಂದ ನೀರು ಬೀಳುತ್ತಲ್ಲ, ತಿರುಗಿಸೋದು ಯಾಕೆ ಅಂತ ಬಿಟ್ಟಿದ್ದರು. ದೂರುಗಳು ಶುರುವಾದದ್ದು ಅದಾಗಿ ತಿಂಗಳೊಪ್ಪತ್ತಿಗೆ.

ಮಾಡಿದ್ದು, ಮಾಡದೆ ಬಿಟ್ಟದ್ದು

ಮೊದಲು ಪೀಠದ ಮೋಟರ್ ಸರಿಪಡಿಸಿ ಅದಕ್ಕೆ ತಗಡಿನ ಮುಚ್ಚಳ ಹಾಕಿಸಿದೆವು. ನಾಜಲ್‌ಗಳನ್ನು ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿದೆವು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವ ಹಾಗೇ, ಹುಳಿಗೆ ಸುಣ್ಣ ಬಿಡುತ್ತದೆ. ತಂತಿ ಹಾಕಿ ಕೆರೆಯಬೇಡಿ ಅಂತ ಮಾತ್ರ ಕಟ್ಟುನಿಟ್ಟಾಗಿ ಹೇಳಿದೆ. ತೂತು ಒಂದು ಕಡೆ ಸವೆದರೆ ನೀರಿನ ಛತ್ರಿ ವಾರೆಯಾಗುತ್ತದೆ. ಪಂಪಿನ ಮುಂದೆ ಎರಡು ಜರಡಿ ಅಕ್ಕಪಕ್ಕ ಹಾಕಿದೆವು, ಒಂದನ್ನು ತೊಳೆಯುವಾಗ ಇನ್ನೊಂದು ನಡೆಯಲಿ ಅಂತ. ಒಂದೇ ಜರಡಿ ಇದ್ದರೆ ಅವಸರದ ದಿನ ಅದನ್ನು ಮತ್ತೆ ಯಾರಾದರೂ ತೆಗೆದಿಡುತ್ತಾರೆ. ಪ್ರತಿ ಪೈಪಿನ ಕೆಳತುದಿಗೆ ಕಸ ಬಿಡಲು ವಾಲ್ವ್, ಪ್ರತಿ ಪೈಪಿಗೂ ಒಂದು ಫ್ಲೋ ಮೀಟರ್. ಒತ್ತಡ ಮತ್ತೆ ಮೂರಕ್ಕೆ ಬಂತು, ಸಮಯ 40 ಸೆಕೆಂಡಿಗೆ. ಅಡ್ಡ ತೂತಿನ ಅಂಚನ್ನು ಡ್ರಿಲ್ಲಿಂಗ್‌ನವರು ಸ್ವಲ್ಪ ಓರೆ ಮಾಡಿಕೊಟ್ಟರು.

ಕೂಲಿಂಗ್ ಟವರ್ ಬೇಕು ಅಂತ ನಾನು ಹೇಳಿದೆ. ಈ ವರ್ಷ ಆಗಲ್ಲ ಸಾರ್ ಅಂದರು ಮಾಲೀಕರು. ಅದರ ಬದಲು ಹಿತ್ತಲಿನ ಹಳೆಯ ಸಂಪನ್ನು ಇದಕ್ಕೆ ಜೋಡಿಸಿದರು. ನೀರು ಈಗ ಎರಡರಷ್ಟು, ಬಿಸಿ ಏರುವುದು ಅರ್ಧ. ಸೂರಿನ ನೀರನ್ನೂ ಅದಕ್ಕೇ ಬಿಡುವುದಕ್ಕೆ ಪೈಪು ಎಳೆದಿದ್ದಾರೆ. 100 ಚದರ ಮೀಟರ್ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್, ಸುಣ್ಣವಿಲ್ಲದ ನೀರು. ಸೀಳು ಬಿಡದಂತೆ ತಣಿಯುವುದನ್ನು ನಿಧಾನ ಮಾಡುವ ಪಾಲಿಮರ್ ದ್ರಾವಣವನ್ನು ನೀರಿಗೆ ಬೆರೆಸಿ ಅಂತ ಯಾರೋ ಅವರಿಗೆ ಸಲಹೆ ಕೊಟ್ಟಿದ್ದರು. ಬೇಡ ಅಂದೆ. ನೀರೇ ಸಮನಾಗಿ ಬೀಳದ ಪೆಟ್ಟಿಗೆಯಲ್ಲಿ ಪಾಲಿಮರ್ ಕೂಡ ಸಮನಾಗಿ ಬೀಳುವುದಿಲ್ಲ.

ಮಾರ್ಚ್‌ನಲ್ಲಿ ಮಾಡಿದ 400 ಪಿನ್ನುಗಳನ್ನು ಒಂದೊಂದಾಗಿ ನಾಲ್ಕು ಕಡೆ ಒತ್ತಿ ನೋಡಿದೆವು. ಮೆತ್ತಗಿನ ಜಾಗ ಒಂದೂ ಸಿಗಲಿಲ್ಲ. ಸೀಳು ಮೂರರಲ್ಲಿ ಇತ್ತು. ಮೂರೂ ತೂತಿನ ಅಂಚು ಓರೆ ಮಾಡುವ ಮೊದಲೇ ಡ್ರಿಲ್ ಆಗಿದ್ದ ಹಳೆಯ ಪಿನ್ನುಗಳು. ಕಂಪನಿಯ ಫಾರಂನಲ್ಲಿ ಈಗ ಎತ್ತರಕ್ಕೆ ಒಂದು ಕಾಲಂ, ದಿಕ್ಕಿಗೆ ಒಂದು ಕಾಲಂ ಬಂದಿದೆ. ಅದನ್ನು ಗೆರೆ ಎಳೆದು ಮಾಡಿದ್ದು ಅದೇ ಹೆಣ್ಣುಮಗಳು.

ಪ್ರತಿ ಸೋಮವಾರ ಬೆಳಗ್ಗೆ ಫರ್ನೇಸ್ ಹಚ್ಚುವ ಮುಂಚೆ ಅಣ್ಣ ಕ್ಯಾನುಗಳನ್ನು ಜೋಡಿಸಿ 30 ಸೆಕೆಂಡ್ ನೀರು ಹಿಡಿಯುತ್ತಾರೆ. ಮೇ ತಿಂಗಳಲ್ಲಿ ಒಂದು ದಿನ ಫೋನ್ ಮಾಡಿದರು. "ಸಾರ್, ಬೆಂಗ್ಳೂರು ಕಡೆ ಐದನೇದು ಎರಡೂವರೆನೂ ಕೊಡ್ತಾ ಇಲ್ಲ. ಗೇಜ್ ಮೂರರಲ್ಲೇ ಐತೆ." ಏನು ಮಾಡಿದ್ರಿ ಅಂತ ಕೇಳಿದೆ. "ಬಿಚ್ಚಿದೆ. ಉಗುರಿನಷ್ಟು ಸ್ಕೇಲ್ ಕೂತಿತ್ತು. ತೊಳೆದು ಹಾಕಿವ್ನಿ, ಈಗ ಮೂರು ಲೀಟರ್ ಬರ್ತಾ ಐತೆ. ಈಗ ಫರ್ನೇಸ್ ಹಚ್ತೀನಿ" ಅಂದು ಫೋನ್ ಇಟ್ಟರು.